ಒಳಮನೆಗೆ ಒಂದು ಸ್ಪೀಕರ್

"ನಾಗು, ನೀ ಒಳೀಕೆ ಹೋಗು."

ಮೂಕಮ್ಮಾಳ್ ಅಷ್ಟೇ ಹೇಳಿದ್ದು. ಕಾಫಿ ಲೋಟ ಹಿಡಿದು ಹಜಾರಕ್ಕೆ ಬರುತ್ತಿದ್ದ ಸೊಸೆ ನಾಗಮ್ಮಾಳ್ ಹೊಸ್ತಿಲಲ್ಲೇ ನಿಂತಳು. ಅತ್ತೆ ಅವಳ ಕೈಯಿಂದ ಲೋಟ ತೆಗೆದುಕೊಂಡು ತಾನೇ ಚಿನ್ನತಂಬಿಗೆ ಕೊಟ್ಟಳು.

ಮೂರು ವರ್ಷದಿಂದ ಅವನು ಬರುತ್ತಿದ್ದ. ತಿಂಗಳಿಗೆ ಎರಡು ಭಾನುವಾರ, ದಿಂಡಿಗಲ್ಲಿನಿಂದ ಕಂಬಂಗೆ, ಬೆಳಗಿನ ಬಸ್ಸಿನಲ್ಲಿ. ದಿಂಡಿಗಲ್ಲಿನಲ್ಲಿ ಅವನದೊಂದು ರೇಡಿಯೋ ಅಂಗಡಿ. ಮದುರೈ ಕಾಲೇಜಿನಲ್ಲಿ ಅವನೂ ನಾಗಮ್ಮಾಳ ಗಂಡ ರಂಗಸಾಮಿಯೂ ಒಂದೇ ರೂಮಿನಲ್ಲಿದ್ದವರು, ದೂರದ ನೆಂಟರೂ ಹೌದು. ಎರಡು ವರ್ಷದ ಹಿಂದೆ ರಂಗಸಾಮಿ ಮೂರು ದಿನದ ಜ್ವರದಲ್ಲಿ ತೀರಿಹೋದ ಮೇಲೂ ಚಿನ್ನತಂಬಿ ಬರುವುದನ್ನು ಬಿಡಲಿಲ್ಲ. ಹಜಾರದ ಚಾಪೆಯ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ಅವಳು, ನಡುವೆ ರೆಕಾರ್ಡ್ ಪ್ಲೇಯರ್. ಇದುವರೆಗೆ ಯಾರೂ ತಪ್ಪೆಂದಿರಲಿಲ್ಲ.

ಇವತ್ತು ಏನಾಯಿತು? ಬೀದಿಯಲ್ಲಿ ಯಾರಾದರೂ ಏನಾದರೂ ಅಂದರೇ? ನಾಗಮ್ಮಾಳ್ ಒಳಮನೆಯ ಗೋಡೆಗೆ ಒರಗಿ ಕುಳಿತಳು. ಅಳು ಬರಲಿಲ್ಲ. ಎರಡು ವರ್ಷದಿಂದ ಅವಳಿಗೆ ಅಳು ಬರುತ್ತಿರಲಿಲ್ಲ, ನಗುವೂ.

ಹೊರಗೆ ಚಿನ್ನತಂಬಿ ಲೋಟ ಕೆಳಗಿಟ್ಟ. ಆಮೇಲೆ ಅವನ ದನಿ ಕೇಳಿಸಿತು.

"ಪೆರಿಯಮ್ಮ, ಅವರು ಹೊರಗ ಬರಬಾರದು. ರೆಕಾರ್ಡಿನ ಪಾಟು ಒಳಗ ಹೋಗಬಹುದಾ?"

"ಪಾಟಿಗೇನು ಕಾಲಾ ಕೈಯಾ? ಹೋಗಲಿ."

ಆ ದಿನ ಅವನು ತಂದದ್ದು ಹೊಸ ಸ್ಟೀರಿಯೋ. ಕೊಚ್ಚಿಯ ಹಡಗಿನಿಂದ ಇಳಿದ ಸರಕು. ಒಂದು ಪ್ಲೇಯರಿಗೆ ಎರಡು ಸ್ಪೀಕರ್ ಪೆಟ್ಟಿಗೆ. ಜೊತೆಗೆ ಒಂದು ರೆಕಾರ್ಡು. ಅದರ ಹಳೆಯ ಪ್ರತಿ ಈ ಮನೆಯಲ್ಲಿ ಆಗಲೇ ಇತ್ತು. ಇಂಗ್ಲೆಂಡಿನ ಐದು ಹುಡುಗರ ಗಿಟಾರ್ ಹಾಡುಗಳು. ಹಳೆಯದು ರಂಗಸಾಮಿ ಕೆಲಸಕ್ಕಿದ್ದ ಟೀ ಎಸ್ಟೇಟಿನ ದೊರೆ ಊರಿಗೆ ಹೊರಟಾಗ ಕೊಟ್ಟುಹೋದದ್ದು. ಈಗ ಅವೇ ಹಾಡುಗಳನ್ನು ಎರಡು ಪೆಟ್ಟಿಗೆಗೆ ಎರಡು ಪಾಲು ಮಾಡಿ ಹೊಸದಾಗಿ ಹೊರಡಿಸಿದ್ದರು.

ಬಾಗಿಲ ಸಂದಿಯಿಂದ ಉದ್ದನೆಯ ತಂತಿಯೊಂದು ಒಳಗೆ ಹರಿದು ಬಂತು. ಅದರ ಹಿಂದೆ ಪೆಟ್ಟಿಗೆ ಹೊತ್ತ ಮೂಕಮ್ಮಾಳ್. "ಈಟು ಭಾರ! ಇದರೊಳಗ ಹಾಡೋನ್ನೇ ಕೂರಿಸವ್ರಾ?" ಎಂದು ಗೊಣಗುತ್ತ ಅದನ್ನು ಭತ್ತದ ಕಣಜದ ಪಕ್ಕ ಇಟ್ಟಳು.

ಹಾಡು ಶುರುವಾಯಿತು. ನಾಗಮ್ಮಾಳ್ ತಲೆಯೆತ್ತಿದಳು.

"ಇಲ್ಲಿ ಬರೀ ದನಿ ಬರ್ತದೆ," ಅವಳು ಗೋಡೆಗೆ ಹೇಳಿದಳು. "ಡ್ರಮ್ ಎಲ್ಲಿ?"

"ನನ್ನ ಹತ್ತಿರ!" ಗೋಡೆಯಾಚೆಯಿಂದ ನಗು. "ಗಿಟಾರೂ ನಂದೇ. ಹಾಡೋನು ನಿಮಗ."

"ಇದು ಅನ್ಯಾಯ."

"ಅರ್ಧ ಅರ್ಧ ಅಂದ್ರ ಅನ್ಯಾಯವಾ?"

ಅವಳ ತುಟಿಯಂಚು ಅಲುಗಿತು. ನೋಡಲು ಯಾರೂ ಇರಲಿಲ್ಲ.

ಮೂರನೆಯ ಹಾಡು ಬಂತು. ನಾಗಮ್ಮಾಳ್ ಉಸಿರು ಹಿಡಿದಳು. ಹಳೆಯ ರೆಕಾರ್ಡಿನಲ್ಲಿ ಈ ಹಾಡಿನ ಎರಡನೆಯ ಚರಣಕ್ಕೆ ಮುಂಚೆ ಒಂದು ಗೀರಿತ್ತು. ಮದುವೆಯಾದ ಹೊಸದರಲ್ಲಿ ರಂಗಸಾಮಿ ಅವಳ ಕೈ ಹಿಡಿದು ಮುಳ್ಳು ಇಳಿಸುವುದನ್ನು ಕಲಿಸುವಾಗ, ಬೇಕೆಂದೇ ಅವಳ ಕಿವಿಗೆ ಊದಿದ್ದ. ಮುಳ್ಳು ಜಾರಿತ್ತು. ಅಂದಿನಿಂದ ಆ ಜಾಗದಲ್ಲಿ 'ಟಕ್' ಎಂದು ಒಂದು ಸದ್ದು. ಎರಡು ವರ್ಷದಿಂದ ಅವಳು ಹಾಡು ಕೇಳುತ್ತಿರಲಿಲ್ಲ, ಆ ಸದ್ದಿಗಾಗಿ ಕಾಯುತ್ತಿದ್ದಳು.

ಆ ಜಾಗ ಬಂತು. ಟಕ್ ಬರಲಿಲ್ಲ. ಅದರ ಬದಲು, ಬಲು ಹತ್ತಿರದಲ್ಲಿ, ಹಾಡುವವನು ಉಸಿರೆಳೆದುಕೊಂಡ.

ಅಲ್ಲೊಂದು ಉಸಿರಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅವನು ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟುಹೋದ. ಎರಡು ವಾರ ಕಾಯದೆ ಮುಂದಿನ ಭಾನುವಾರವೇ ಬಂದ, ಅದರ ಮುಂದಿನದಕ್ಕೂ. ಮೂಕಮ್ಮಾಳ್ ಪ್ರತಿ ಸಲವೂ "ಒಳೀಕೆ ಹೋಗು" ಎಂದಳು. ಅವರು ಗೋಡೆಯ ಆಚೀಚೆ ಕುಳಿತು ಮೊದಲು ಹಳೆಯ ರೆಕಾರ್ಡು, ಆಮೇಲೆ ಹೊಸದು, ಹಾಡಿಗೆ ಹಾಡು ಹೋಲಿಸಿದರು. ಐದನೆಯ ಹಾಡಿನ ಕೊಳಲು ಹಳೆಯದರಲ್ಲಿ ಮುಚ್ಚಿಹೋಗಿದೆ ಎಂದು ಅವನು. ಕೊನೆಯ ಹಾಡು ಹೊಸದರಲ್ಲಿ ಬೇಗ ಮುಗಿಸಿಬಿಟ್ಟಿದ್ದಾರೆ ಎಂದು ಅವಳು. ಕೆಲಸವಿದ್ದರೂ ಇಲ್ಲದಿದ್ದರೂ ಮೂಕಮ್ಮಾಳ್ ಅಡುಗೆಮನೆಗೂ ಹಜಾರಕ್ಕೂ ಓಡಾಡುತ್ತಲೇ ಇದ್ದಳು.

ಬಾಗಿಲ ಸಂದಿಯಿಂದ ಅವನ ಎಡಗೈ ಮಾತ್ರ ಕಾಣುತ್ತಿತ್ತು. ಅವಳ ಪಾಲಿನ ಹಾಡುಗಾರ ಉಸಿರೆಳೆಯುವ ಜಾಗ ಬಂದಾಗ ಆ ಕೈ ತಾಳ ನಿಲ್ಲಿಸುತ್ತಿತ್ತು. ಅವನ ಪಾಲಿಗೆ ಹಾಡುವವನ ದನಿ ಬರುತ್ತಿರಲಿಲ್ಲ. ಆದರೂ ಅವನಿಗೆ ಹೇಗೆ ಗೊತ್ತಾಗುತ್ತಿತ್ತೋ.

ಮಾರ್ಗಳಿ ತಿಂಗಳ ಕೊನೆಯ ಭಾನುವಾರ ಅವನು ರೆಕಾರ್ಡು ಹಾಕಲಿಲ್ಲ. ಬಹಳ ಹೊತ್ತು ತಂತಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದ.

"ಅಮ್ಮ ಒಡ್ಡನ್‌ಛತ್ರಕ್ಕ ಹೊರಟವ್ಳೆ. ಬರೋ ಶುಕ್ರವಾರ. ತರಕಾರಿ ಮಂಡಿಯೋರ ಮನೇಲಿ ನನಗ ಒಂದು ಹೆಣ್ಣು ನೋಡೋಕೆ."

ಒಳಗೆ ನಾಗಮ್ಮಾಳ ಕೈ ಪೆಟ್ಟಿಗೆಯ ಮೇಲಿತ್ತು. ಮರ ತಣ್ಣಗಿತ್ತು.

"ಒಳ್ಳೇದು," ಎಂದಳು.

"ಒಂದು ಕೇಳ್ತೀನಿ. ಇಷ್ಟು ದಿನ ಹೋಲಿಸಿದ್ವಿ. ಹಳೇದು ಮೇಲಾ, ಹೊಸದಾ? ನಿಜ ಹೇಳಬೇಕು."

ಅವನು ಕೇಳುತ್ತಿರುವುದು ರೆಕಾರ್ಡಿನ ಮಾತಲ್ಲ ಎಂದು ಅವಳಿಗೆ ತಿಳಿಯಿತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಹಳೇದರಲ್ಲಿ ಐವರೂ ಒಂದೇ ಕೋಣೇಲಿ ಕೂತವ್ರೆ. ಬಿಟ್ಟುಕೊಡೋಕೆ ಆಗಲ್ಲ ನನಗೆ."

"ಶರಿ," ಎಂದ ಚಿನ್ನತಂಬಿ. ಆಮೇಲೆ ತಂತಿ ನೆಲದ ಮೇಲೆ ಸರಿಯತೊಡಗಿತು. ಅವನು ಅದನ್ನು ಸುತ್ತಿಕೊಳ್ಳುತ್ತಿದ್ದ. ಒಳಮನೆಯ ಪೆಟ್ಟಿಗೆ ಒಂದು ಗೇಣು ಜರುಗಿತು. ನಾಗಮ್ಮಾಳ್ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಹೊಸದರಲ್ಲಿ ಉಸಿರು ಕೇಳಿಸುತ್ತದೆ ಎಂದು ಹೇಳಬೇಕಿತ್ತು. ಅದೇ ಉಳಿದುಹೋಗಿತ್ತು.

"ಯಾಕ್ರಾ ಸುತ್ತುತೀಯ? ಬಿಡು ಅದನ್ನ!"

ಮೂಕಮ್ಮಾಳ್ ದ್ರಾಕ್ಷಿಯ ಮೊರ ಹಿಡಿದು ಬಾಗಿಲ ನಡುವೆ ನಿಂತಿದ್ದಳು.

"ಒಂದು ತಿಂಗಳಾತು. ನೀನು ಡಂಡಂ ಕೇಳ್ತೀಯ, ಅವಳು ದನಿ ಕೇಳ್ತಾಳೆ. ಈ ಮನೇಲಿ ಪೂರಾ ಪಾಟು ಕೇಳಿದೋಳು ಓಡಾಡೋ ನಾನೊಬ್ಬಳೇ. ನನಗೇನು ಇಂಗ್ಲೀಸ್ ತಿಳೀತದಾ?"

"ನೀವೇ ಅಲ್ವಾ ಅತ್ತೆ," ನಾಗಮ್ಮಾಳ ದನಿ ಒಡೆಯಿತು, "ನನ್ನ ಒಳೀಕೆ ಕಳಿಸಿದ್ದು? ನಾನೇನು ತಪ್ಪು ಮಾಡಿದೆ?"

ಮೂಕಮ್ಮಾಳ್ ಮೊರ ಕೆಳಗಿಟ್ಟಳು.

"ತಪ್ಪಾ? ಬಿ.ಎ. ಓದಿದೋಳೇ! ನನ್ನ ಮಗನ ಕಡೆಯಿಂದ ಎಣಿಸಿದಾಗ ಇವನು ನಿನಗ ಮೈದುನ. ಮೈದುನನ ಮುಂದ ಕೂರಬಹುದು. ಒಂದಿನ ನಿಮ್ಮಪ್ಪನ ಕಡೆಯಿಂದ ಎಣಿಸಿ ನೋಡಿದೆ. ಅತ್ತೆ ಮಗ ಆಗ್ತಾನೆ. ವರಸೆ ಗಂಡು ಮನೆಗ ಬಂದ್ರ ಹೆಣ್ಣು ಒಳೀಕೆ ಕೂರಬೇಕಾ ಬೇಡ್ವಾ? ಮದುವೆ ಮಾತು ಮುಗಿಯೋಗಂಟ?"

ನಾಗಮ್ಮಾಳ್ ಅತ್ತೆಯ ಮುಖವನ್ನೇ ನೋಡಿದಳು. ಆ ಕಟ್ಟಳೆ ಅವಳಿಗೆ ಗೊತ್ತಿತ್ತು. ಆದರೆ ಅದು ಮದುವೆಯಾಗದ ಹುಡುಗಿಯರಿಗೆ ಇದ್ದದ್ದು. ಇಪ್ಪತ್ತೊಂದು ವರ್ಷದವಳಾಗಿದ್ದಾಗ ತಾಯಿಯ ಮನೆಯಲ್ಲಿ ಹಾಗೆ ಒಳಗೆ ಕುಳಿತಿದ್ದಳು, ಹೊರಗೆ ರಂಗಸಾಮಿ ಕಾಫಿ ಕುಡಿಯುತ್ತಿದ್ದಾಗ. ಒಂದು ತಿಂಗಳಿಂದ ಈ ಮುದುಕಿ ಅವಳನ್ನು ಬೈಯುತ್ತಿರಲಿಲ್ಲ. ಮತ್ತೆ ಹುಡುಗಿಯಾಗಿ ಎಣಿಸುತ್ತಿದ್ದಳು.

ಆಗ ಅಳು ಬಂತು. ಎರಡು ವರ್ಷದ್ದೂ ಒಟ್ಟಿಗೆ ಬಂತು. ಮೂಕಮ್ಮಾಳ್ ಸೆರಗಿನಿಂದ ಅವಳ ಮುಖ ಒರಸಿದಳು. "ಸಾಕು ಸಾಕು. ಕೂರು ಇಲ್ಲಿ. ಒಳಗೂ ಬೇಡ, ಹೊರಗೂ ಬೇಡ," ಎಂದು ಹೊಸ್ತಿಲ ಮೇಲೆ ಕೂರಿಸಿದಳು.

ಚಿನ್ನತಂಬಿಯ ಕೈಯಲ್ಲಿ ತಂತಿಯ ಸುರುಳಿ ಹಾಗೆಯೇ ಇತ್ತು. ತಿಂಗಳ ಮೇಲೆ ಮೊದಲ ಸಲ ಅವನ ಮುಖ ಪೂರ್ತಿ ಕಂಡಿತು. ಸ್ವಲ್ಪ ಇಳಿದಿತ್ತು. ಕಿವಿಯ ತುದಿ ಕೆಂಪಾಗಿತ್ತು.

"ಒಡ್ಡನ್‌ಛತ್ರದೋರಿಗೆ ಏನಂತ ಹೇಳಿ ಕಳಿಸ್ಲಿ?" ಮೆಲ್ಲಗೆ ಕೇಳಿದ.

ಅವಳು ಕಣ್ಣೊರಸಿಕೊಂಡಳು. "ಬಸ್ಸು ಸಿಗಲಿಲ್ಲ ಅಂತ ಹೇಳಿ."

"ದಿನಕ್ಕ ಎಂಟು ಬಸ್ಸು ಐತೆ."

"ಎಂಟೂ ಸಿಗಲಿಲ್ಲ ಅನ್ನಿ."

ಅವನು ನಕ್ಕು ಸುರುಳಿ ಬಿಚ್ಚಿದ. ಹೊಸ ರೆಕಾರ್ಡಿಗೆ ಕೈ ಚಾಚಿದ. ಅವಳು ತಲೆಯಲ್ಲಾಡಿಸಿ ಹಳೆಯದನ್ನು ತೋರಿಸಿದಳು. ಅವನು ಒಂದು ಕ್ಷಣ ಅವಳನ್ನು ನೋಡಿದ, ಮರುಮಾತಾಡದೆ ಅದನ್ನೇ ತೆಗೆದು, ಅಂಗಿಯ ಚುಂಗಿನಿಂದ ಧೂಳೊರಸಿ ಇಟ್ಟ. ಮುಳ್ಳನ್ನು ಮೂರನೆಯ ಹಾಡಿನ ಮೇಲೆ ಇಳಿಸಿದ.

ಪಾಲಾಗದ ಹಾಡು. ಒಳಗಿನ ಪೆಟ್ಟಿಗೆಯೂ ಹೊರಗಿನ ಪೆಟ್ಟಿಗೆಯೂ ಅದನ್ನು ಒಂದೇ ಸಮನೆ ಹಾಡಿದವು. ಕೇಳುವ ಕಿವಿಗೆ ಅದು ಎರಡು ಕಡೆಯಿಂದಲೂ ಬರಲಿಲ್ಲ. ನಡುವಿನಿಂದ, ಅವಳು ಕುಳಿತ ಹೊಸ್ತಿಲಿನಿಂದಲೇ ಏಳುವ ಹಾಗಿತ್ತು.

ಮೊದಲ ಚರಣ ಮುಗಿಯಿತು. ಮೂವರೂ ಕಿವಿಗೊಟ್ಟರು.

ಟಕ್.

"ಇದೋ, ಬಂದ ನಮ್ಮ ರಂಗ," ಎಂದು ಮೂಕಮ್ಮಾಳ್ ನಕ್ಕು, ದ್ರಾಕ್ಷಿಯ ಮೊರವನ್ನು ಇಬ್ಬರ ನಡುವೆ ತಳ್ಳಿದಳು.