ಸ್ಕ್ರೂ ಮತ್ತು ತಾತನ ಗಡಿಯಾರ

“ಏಯ್, ಜೋರಾಗಿ ಉಸಿರು ಬಿಡಬೇಡ! ಎಲ್ಲಾ ಹಾರಿಹೋಗುತ್ತೆ!”

ಸ್ಕ್ರೂ ಹಾಗೆ ಗದರಿದ್ದೇ ತಡ, ಅಣ್ಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಟೇಬಲ್ ಮೇಲೆ ಹಾಸಿದ್ದ ಬಿಳಿ ಕರ್ಚೀಫಿನ ಮೇಲೆ ತಾತನ ಜೇಬು ಗಡಿಯಾರ ಬೋರಲಾಗಿ ಮಲಗಿತ್ತು. ಅದರ ಹಿಂದಿನ ಮುಚ್ಚಳ ಆಗಲೇ ತೆರೆದಿತ್ತು.

ಗದರಿದ ಹುಡುಗಿಯ ನಿಜವಾದ ಹೆಸರು ಕೇಳಿಸುತ್ತಿದ್ದದ್ದು ಕ್ಲಾಸಿನಲ್ಲಿ ಹಾಜರಿ ಕೂಗುವಾಗ ಮಾತ್ರ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಸ್ಕ್ರೂ. ಕೆಟ್ಟ ಟಾರ್ಚು, ಬಾಗಿಲ ಬೆಲ್ಲು, ಅಪ್ಪನ ಹಳೇ ರೇಡಿಯೊ, ಯಾವುದನ್ನೂ ಅವಳು ಬಿಚ್ಚದೆ ಬಿಟ್ಟವಳಲ್ಲ. ಹೆಚ್ಚಿನವು ಸರಿಯೂ ಆಗುತ್ತಿದ್ದವು. ಅದಕ್ಕೇ ಇರಬೇಕು, ತಾತ ತೀರಿಕೊಳ್ಳುವ ಮೊದಲು ಈ ನಿಂತುಹೋದ ಗಡಿಯಾರವನ್ನು ಅವಳ ಕೈಯಲ್ಲಿಟ್ಟು, “ಇದು ನಿನಗೇ” ಎಂದಿದ್ದರು. ತಾತನಿಗೆ ಅದು ಅವರ ಅಪ್ಪನಿಂದ ಬಂದದ್ದು.

ಭಾನುವಾರ ಅತ್ತೆ, ಮಾವ, ಅವರ ಮಕ್ಕಳೆಲ್ಲ ಬರುವವರಿದ್ದರು. “ಅಷ್ಟರಲ್ಲಿ ಇದು ಟಿಕ್ ಟಿಕ್ ಅನ್ನದಿದ್ರೆ ನಾನು ಸ್ಕ್ರೂನೇ ಅಲ್ಲ!” ಎಂದು ಅವಳು ಆ ಮಕ್ಕಳ ಹತ್ತಿರ ಫೋನಿನಲ್ಲಿ ಜಂಬ ಕೊಚ್ಚಿಕೊಂಡಿದ್ದಳು.

ಈಗ ಅವಳು ಒಳಗೆ ಇಣುಕಿದಳು. ಇದು ರೇಡಿಯೊದ ಹಾಗಲ್ಲ. ಹಲ್ಲಿನ ಚಕ್ರಗಳು ಒಂದರ ಕೆಳಗೊಂದು ಅವಿತು ಕೂತಿದ್ದವು. ಸ್ಕ್ರೂಗಳು ಎಳ್ಳಿಗಿಂತ ಚಿಕ್ಕವು. ಸ್ಪ್ರಿಂಗಂತೂ ಕೂದಲೆಳೆಯಷ್ಟು ಸಣ್ಣ.

“ಯಾವುದು ಕೆಟ್ಟಿದೆ?” ಅಣ್ಣ ಪಿಸುಗುಟ್ಟಿದ.

“ಸುಮ್ನಿರು, ನೋಡ್ತಿದೀನಿ.”

“ಗೊತ್ತಿಲ್ಲ ಅನ್ನು.”

“ಗೊತ್ತಿದೆ!”

ಗೊತ್ತಿರಲಿಲ್ಲ. ಆದರೂ ಅತಿ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಒಂದನ್ನು ತಿರುಗಿಸಿದಳು. ಸಡಿಲವಾಯಿತು. ಚಿಮಟದಲ್ಲಿ ಎತ್ತುವಷ್ಟರಲ್ಲಿ ಅದು ಪುಟಕ್ಕೆಂದು ನೆಗೆದು ಮಾಯವಾಯಿತು.

ಇಬ್ಬರೂ ಮೊಣಕಾಲೂರಿ ನೆಲವೆಲ್ಲ ತಡಕಾಡಿದರು. ಸ್ಕ್ರೂಗೆ ಇನ್ನೇನು ಅಳು ಬರಬೇಕು, ಅಣ್ಣನ ಕಾಲ್ಚೀಲದ ಮೇಲೆ ಏನೋ ಮಿನುಗಿತು.

“ಅಲ್ಲಾಡಬೇಡ!” ಎಂದು ಅವನ ಕಾಲಿಗೇ ಜೋತುಬಿದ್ದು ಅದನ್ನು ಹೆಕ್ಕಿಕೊಂಡಳು.

“ಏನ್ರೋ, ಇಬ್ಬರೂ ನೆಲ ಮೂಸ್ತಿದೀರಿ?” ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

ಅಜ್ಜಿಯ ಕಣ್ಣು ಟೇಬಲ್ ಮೇಲೆ ಹೋಯಿತು. ಬೈಗುಳ ಬಿತ್ತೆಂದು ಸ್ಕ್ರೂ ತಲೆ ತಗ್ಗಿಸಿದಳು. ಆದರೆ ಅಜ್ಜಿ ಕುರ್ಚಿಯಲ್ಲಿ ಕೂತು ನಗತೊಡಗಿದಳು!

“ನಿಮ್ಮ ತಾತಂದೂ ಇದೇ ಕತೆ.”

“ತಾತ ಇದನ್ನ ಬಿಚ್ಚಿದ್ರಾ?”

“ಮತ್ತೆ? ಅವರ ಅಪ್ಪ ಕೊಟ್ಟಾಗ ಚೆನ್ನಾಗೇ ಓಡ್ತಿತ್ತು ಕಣೇ. ಸ್ವಲ್ಪ ನಿಧಾನ, ಅಷ್ಟೇ. ‘ನಾನೇ ಸರಿ ಮಾಡ್ತೀನಿ’ ಅಂತ ಕೂತ್ರು. ಅವತ್ತು ನಿಂತಿದ್ದು, ಮತ್ತೆ ಓಡ್ಲೇ ಇಲ್ಲ.”

“ಅಂಗಡಿಗೆ ಕೊಡಬಹುದಿತ್ತಲ್ಲ?”

“ನಾನೂ ಬಡ್ಕೊಂಡೆ. ‘ನಾನೇ ಕೆಡಿಸಿದೆ ಅಂತ ಅಂಗಡಿಯವರ ಮುಂದೆ ಹೇಳ್ಕೊಳ್ಲಾ?’ ಅಂದ್ರು. ಬೀರುವಿನಲ್ಲಿಟ್ರು. ಆಗಾಗ ತೆಗೆದು ಕಿವಿಗೆ ಹಿಡ್ಕೊಂಡು ಕೂರೋರು. ನಾನು ಬಂದ್ರೆ ಟಕ್ಕಂತ ಬಚ್ಚಿಡೋರು.”

ಅಜ್ಜಿಯ ನಗು ಮೆಲ್ಲಗೆ ಇಳಿಯಿತು. ಗಡಿಯಾರದ ಅಂಚನ್ನು ಬೆರಳಿನಿಂದ ಸವರಿದಳು.

ಮನೆಯ ಎಲ್ಲವನ್ನೂ ರಿಪೇರಿ ಮಾಡುತ್ತಿದ್ದ ತಾತ, ಸದ್ದಿಲ್ಲದ ಗಡಿಯಾರವನ್ನು ಕಿವಿಗಿಟ್ಟು ಒಬ್ಬರೇ ಕೂತದ್ದು ಸ್ಕ್ರೂಗೆ ಕಣ್ಣಿಗೆ ಕಟ್ಟಿದಂತಾಯಿತು.

“ಈಗ ನಾನೇನು ಮಾಡ್ಲಿ ಅಜ್ಜಿ?”

“ಗಡಿಯಾರ ನಿಂದು. ನೀನೇ ಹೇಳು.”

ಸ್ಕ್ರೂಡ್ರೈವರನ್ನು ಬೆರಳಲ್ಲಿ ಹೊರಳಿಸುತ್ತಾ ಕೂತಳು. ಇನ್ನೊಂದು ಸಲ ನೋಡಿದರೆ ಸರಿಹೋದರೂ ಹೋಗಬಹುದು. ಆದರೆ ಇನ್ನೊಂದು ಚೂರು ಹಾರಿದರೆ? ಭಾನುವಾರ ಅತ್ತೆಯ ಮಕ್ಕಳು ನಕ್ಕರೆ? ಕೊನೆಗೆ ಆ ಪುಟಾಣಿ ಸ್ಕ್ರೂವನ್ನು ಕಾಗದದಲ್ಲಿ ಮಡಚಿ, ಮುಚ್ಚಳ ಒತ್ತಿ ಮುಚ್ಚಿ ಎದ್ದಳು.

“ಬಾ ಅಜ್ಜಿ, ಅಂಗಡಿಗೆ ಹೋಗೋಣ.”

ವಾಚ್ ರಿಪೇರಿ ಮಾಡುವಾಕೆ ಒಂದು ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದಳು. “ಇದಕ್ಕೆ ಯಾರು ಕೈ ಹಾಕಿದ್ದು?”

ಸ್ಕ್ರೂ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಗೋಡೆಯ ಗಡಿಯಾರಗಳನ್ನು ನೋಡುವುದರಲ್ಲೇ ಮುಳುಗಿದ್ದಳು.

“ಮೊದಲು ನಮ್ಮ ತಾತ. ಆಮೇಲೆ ನಾನು,” ಸ್ಕ್ರೂ ಗಂಟಲು ಸರಿಮಾಡಿಕೊಂಡಳು. “ಇಬ್ಬರಿಗೂ ಬರಲಿಲ್ಲ ಆಂಟಿ.”

ಆಕೆ ನಗಲಿಲ್ಲ. “ಒಂದು ಚಕ್ರದ ನಡುವಿನ ಕಡ್ಡಿ ಮುರಿದಿದೆ. ಹೊಸದು ಸಿಗಲ್ಲ, ನಾನೇ ಮಾಡ್ಬೇಕು. ತುಂಬಾ ದಿನ ಹಿಡಿಯುತ್ತೆ. ಓಡೇ ಓಡುತ್ತೆ ಅಂತ ಮಾತು ಕೊಡಲ್ಲ.”

ಹಾಗಾದರೆ ಭಾನುವಾರ ಎಲ್ಲರಿಗೂ ನಿಜ ಹೇಳಬೇಕು. ಯಾಕೋ ಅದು ಈಗ ಅಷ್ಟು ದೊಡ್ಡ ಮಾತಾಗಿ ಕಾಣಲಿಲ್ಲ.

“ನೀವು ಮಾಡೋದನ್ನ ನಾನು ನೋಡ್ಬಹುದಾ?”

“ಮುಟ್ಟಲ್ಲ ಅಂದ್ರೆ ನೋಡು,” ಎಂದು ಆಕೆ ಕಾಲಿನಿಂದಲೇ ಒಂದು ಸ್ಟೂಲನ್ನು ಇತ್ತ ತಳ್ಳಿದಳು.

ಸ್ಕ್ರೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ತಾತ ಬಂದು ಕೇಳಿದ್ದರೆ ಅವರಿಗೂ ಒಂದು ಸ್ಟೂಲು ಸಿಗುತ್ತಿತ್ತು ಎಂದು ಅವಳಿಗೆ ಅನ್ನಿಸಿತು.