ಮೇನ್ ಇಳಿಸಿದರೂ ಉರಿದ ಬಲ್ಬು

ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮೆಟ್ಟಿಲು ಹತ್ತಿ ಬಂದ ಹೆಂಗಸು ಠಾಣೆಯ ಬಾಗಿಲಿಗೆ ಬರುವವರೆಗೂ ಪೇದೆಯ ಕಣ್ಣಿಗೆ ಬೀಳಲಿಲ್ಲ. ಸಮಯ 9.10. ಆಕೆ ಎಲೆಕ್ಟ್ರಿಷಿಯನ್ನನ ಹೆಂಡತಿ. ಹಿಂದಿನ ದಿನ ಟೈಲರಮ್ಮನ ಮನೆಯಲ್ಲಿ ಒಡೆದ ಸಾಕೆಟ್ ಬದಲಿಸಲು ಹೋದ ಗಂಡ ಶಾಕ್ ಹೊಡೆದು ಬಿದ್ದಿದ್ದ.

"ಮೇನ್ ಸ್ವಿಚ್ ನಮ್ಮನೆಯವರೇ ಇಳಿಸಿದ್ರಂತೆ ಸಾರ್. ಅವಳೇ ಮತ್ತೆ ಹಾಕಿರಬೇಕು. ಅವಳು ಬಿಟ್ಟರೆ ಆ ಮನೇಲಿ ನರಪಿಳ್ಳೆ ಇಲ್ಲ."

ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಟೈಲರಮ್ಮ.

10.30ಕ್ಕೆ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದರು. ಎಲೆಕ್ಟ್ರಿಷಿಯನ್ನನ ಬಲಗೈಗೆ ಬ್ಯಾಂಡೇಜ್ ಸುತ್ತಿದ್ದರು.

"ಕರೆಂಟ್ ಇದೆಯಾ ಅಂತ ಮೀಟರ್ ಹಿಡಿದು ನೋಡಿದ್ಯಾ?"

"ನೋಡಿದೆ ಸಾರ್. ಇನ್ನೂರ ಮೂವತ್ತು ವೋಲ್ಟ್ ತೋರಿಸ್ತು."

"ಆದರೂ ಕೈ ಹಾಕಿದ್ಯಾ?"

"ಮೇನ್ ನಾನೇ ಇಳಿಸಿದ್ದೆನಲ್ಲ. ಆ ಮೀಟರ್ ಸುಳ್ಳುಬುರುಕ. ಬ್ಯಾಟರಿ ಇಳಿದ್ರೆ ಬಾಯಿಗೆ ಬಂದದ್ದು ಹೇಳುತ್ತೆ."

"ಆಗ ಟೈಲರಮ್ಮ ಎಲ್ಲಿದ್ರು?"

"ನನ್ನ ಸ್ಟೂಲ್ ಹಿಡ್ಕೊಂಡು ನಿಂತಿದ್ರು ಸಾರ್. ಮೇನ್ ಹತ್ರ ಹೋಗೇ ಇಲ್ಲ."

11.45ಕ್ಕೆ ಟೈಲರಮ್ಮನ ಮನೆಯಲ್ಲಿ ಪಂಚನಾಮೆ ಶುರುವಾಯಿತು. ಎರಡು ಕೋಣೆಯ ಮನೆ. ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆ; ಆ ಗೋಡೆಗೆ ಒತ್ತಿ ಮೋಟಾರ್ ಕೂರಿಸಿದ ಹೊಲಿಗೆ ಮಿಷನ್. ಒಂದೇ ಕುರ್ಚಿ, ತೊಳೆದು ಬೋರಲು ಹಾಕಿದ ಒಂದೇ ಲೋಟ.

"ಮನುಷ್ಯನ್ನ ಸುಟ್ಟವಳು ಅಂತ ಹೆಸರು ಬಿದ್ರೆ ನನಗೆ ಯಾರು ಸಾರ್ ಬಟ್ಟೆ ಕೊಡ್ತಾರೆ?" ಎಂದಳು ಟೈಲರಮ್ಮ.

ವಿದ್ಯುತ್ ಕಚೇರಿಯ ಹಳೆಯ ಲೈನ್‌ಮ್ಯಾನ್ ಮೇನ್ ಇಳಿಸಿ, ಮಿಷನ್ ಮೇಲಿನ ಗೋಡೆಯ ಒಡೆದ ಸಾಕೆಟ್‌ಗೆ ತನ್ನ ಮೀಟರ್ ಇಟ್ಟ. 231.

"ದೆವ್ವದ ಕರೆಂಟ್ ಇರಬೇಕು" ಎಂದ ಪೇದೆ.

"ಅದೂ ಉಂಟು ಕಣಪ್ಪ. ಪಕ್ಕದ ವೈರಿನ ಸೋಂಕಿಗೆ ಸತ್ತ ವೈರಲ್ಲೂ ಅಂಕಿ ಕಾಣುತ್ತೆ. ಆದರೆ ಬಲ್ಬಿಗೆ ಹೊಟ್ಟೆ ಇದೆ. ಬರೀ ನೆರಳು ಉಂಡು ಅದು ಉರಿಯಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು."

ಎರಡು ವೈರ್ ಕಟ್ಟಿದ ಬಲ್ಬನ್ನು ಅದೇ ಸಾಕೆಟ್‌ಗೆ ತಾಗಿಸಿದ. ಅದು ತುಂಬು ಬೆಳಕಿನಿಂದ ಉರಿಯಿತು. ಮನೆಯ ಉಳಿದ ಸಾಕೆಟ್‌ಗಳೆಲ್ಲ ಸತ್ತಿದ್ದವು.

"ಫ್ಯೂಸ್ ಹೋದಾಗಲೂ ಮಿಷನ್ ಓಡ್ತಿತ್ತು ಸಾರ್. ದೇವರ ದಯೆ ಅಂದ್ಕೊಂಡಿದ್ದೆ" ಎಂದಳು ಟೈಲರಮ್ಮ ಮೆಲ್ಲಗೆ.

ಇನ್‌ಸ್ಪೆಕ್ಟರ್ ಗೋಡೆಯನ್ನೇ ನೋಡಿದರು. ಪಕ್ಕದ ಮನೆಯಲ್ಲಿ ಒಬ್ಬನೇ ಇದ್ದವನು ಕೆಲಸ ಬಿಟ್ಟ ಮುದುಕ ರೇಡಿಯೋ ಮೆಕ್ಯಾನಿಕ್. 12.20ಕ್ಕೆ ಅವನ ಮನೆಯ ಮೇನ್ ಇಳಿಸಿದರು.

"ಬಲ್ಬು ಆರಿತು ಸಾರ್" ಎಂದು ಗೋಡೆಯಾಚೆಯಿಂದ ಪೇದೆ ಕೂಗಿದ.

ಮುದುಕನ ಸಾಕೆಟ್ ಬಿಚ್ಚಿದಾಗ ಒಂದು ಇಟ್ಟಿಗೆಯಷ್ಟು ತೂತು ಕಂಡಿತು. ಅದರೊಳಗೆ ಟೈಲರಮ್ಮನ ಸಾಕೆಟ್ಟಿನ ವೈರ್ ಕತ್ತರಿಸಿ, ತನ್ನದನ್ನು ಅಚ್ಚುಕಟ್ಟಾಗಿ ಟೇಪ್ ಸುತ್ತಿ ಜೋಡಿಸಿದ್ದ.

"ಯಾವಾಗ ಮಾಡಿದ್ದು?"

"ಹೋದ ವರ್ಷ. ಅವರ ಫ್ಯೂಸ್ ದಿನಾ ಹೋಗ್ತಿತ್ತು."

"ಅವರು ಕೇಳಿದ್ರಾ?"

"ಇಲ್ಲ."

"ನಿಮ್ಮ ಕರೆಂಟ್ ಕೊಟ್ಟು ನಿಮಗೇನು ಬಂತು?"

"ಮಿಷನ್ ನಿಂತ್ರೆ ಈ ಮನೇಲಿ ಸದ್ದೇ ಇಲ್ಲ ಸಾರ್."

"ರೇಡಿಯೋ ಇದೆಯಲ್ಲ."

"ನಲವತ್ತು ವರ್ಷ ಬಿಚ್ಚಿ ನೋಡಿದವನು. ಅದರೊಳಗೆ ಯಾರೂ ಇರಲ್ಲ."

"ನಿನ್ನೆ ಎಲೆಕ್ಟ್ರಿಷಿಯನ್ ಬಿದ್ದ ಸದ್ದು ಕೇಳಲಿಲ್ವಾ?"

"ಕೇಳಿಸ್ತು. ಹೋಗಿ ಹೇಳಬೇಕಿತ್ತು. ಹೆದರಿ ಬಾಗಿಲು ಹಾಕ್ಕೊಂಡೆ."

ಜೀವಕ್ಕೆ ಅಪಾಯ ತಂದ ನಿರ್ಲಕ್ಷ್ಯಕ್ಕಾಗಿ 1.05ಕ್ಕೆ ಮುದುಕನ ದಸ್ತಗಿರಿ. ಆರೋಪಿಯ ಕಾಲಂನಲ್ಲಿ ಇನ್ನು ಟೈಲರಮ್ಮ ಇರುವುದಿಲ್ಲವೆಂದು ಇನ್‌ಸ್ಪೆಕ್ಟರ್ ಅವಳಿಗೆ ಹೇಳಿದರು. ಡೈರಿಯಲ್ಲಿ 'ಉದ್ದೇಶ' ಎಂದಿದ್ದಲ್ಲಿ 'ಹೊಲಿಗೆ ಮಿಷನ್ನಿನ ಸದ್ದು' ಎಂದು ಬರೆದರು.

ಮಂಜು ಕರಗಿ ಬೀದಿ ಕಾಣುತ್ತಿತ್ತು. ಮುದುಕ ಜೀಪಿನ ಬಳಿ ಬರುವಷ್ಟರಲ್ಲಿ ಟೈಲರಮ್ಮ ಹೊರಬಂದಳು. ಕೈಯಲ್ಲಿ ಮಡಿಸಿ ಇಸ್ತ್ರಿ ಮಾಡಿದ ಅಂಗಿ.

"ಅಣ್ಣಾ, ನಿಮ್ಮದು. ಕಾಲರ್ ತಿರುಗಿಸಿ ಹೊಲಿದು ಆರು ತಿಂಗಳಾಯ್ತು. ಇಸ್ಕೊಂಡು ಹೋಗೋಕೆ ನೀವು ಬರಲೇ ಇಲ್ಲ."

ಮುದುಕ ಎರಡೂ ಕೈ ಒಡ್ಡಿ ಅದನ್ನು ತೆಗೆದುಕೊಂಡ.