ಎಡಗಡೆ ಸೀಟಿನ ತಂಪು

ನನ್ನ ಗಂಡ ಪಂಪಾಪತಿಯನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ, ಅವನು ಪತ್ರಿಕೆಗೆ ವಿಮರ್ಶೆ ಬರೆಯಲೆಂದು ಕೇಳಿ ತಂದಿದ್ದ ದುಬಾರಿ ಕಾರನ್ನು ಹಿಂದಿರುಗಿಸಲು ಹೊಸಪೇಟೆಯಿಂದ ಕಂಪ್ಲಿಗೆ ಒಬ್ಬಳೇ ಹೊರಟೆ.

ಕಾರಿಗೆ ಸದ್ದೇ ಇರಲಿಲ್ಲ. ಕಮಲಾಪುರ ದಾಟಿದರೂ ಎಡಗಡೆಯ ಖಾಲಿ ಸೀಟಿನ ಮೇಲೆ ತಣ್ಣನೆ ಗಾಳಿ ಬೀಸುತ್ತಲೇ ಇತ್ತು.

ಕಂಪ್ಲಿಯ ಅಕ್ಕಿ ಗಿರಣಿಯ ಮುಂದೆ ಕಾರಿನ ಮಾಲೀಕ ಕೊಟ್ರಯ್ಯ ಆ ಗಾಳಿಗೆ ಕೈಯೊಡ್ಡಿ, "ತಂಗೀ, ಜೋಡಿ ಯಾರ್ ಬಂದಾರ?" ಎಂದರು.

"ಯಾರೂ ಇಲ್ಲರಿ."

"ಮನುಷ್ಯಾರು ಕುಂತ್ರಷ್ಟ ಆ ಕಡಿ ತಂಪು ಬಿಡ್ತೈತಿ. ಅಕ್ಕಿ ಚೀಲ ಇಟ್ಟು ನೋಡೀನಿ, ಮೋಸ ಹೋಗಂಗಿಲ್ಲ. ಭಾಳ ಶಾಣ್ಯಾ ಐತಿ."

ಅವರು ಮಾತು ನಿಲ್ಲಿಸಿ ಖಾಲಿ ಸೀಟಿಗೆ ಕೈಮುಗಿದರು. "ಬೇಕಾದ್ರ ಇನ್ನೊಂದು ವಾರ ಇಟ್ಕೋ ತಂಗಿ."

ಆಸೆಯಾಯಿತು. ಆದರೂ ಕೀಲಿಯನ್ನು ಅವರ ಕೈಗಿಟ್ಟು ಬಸ್‌ಸ್ಟ್ಯಾಂಡಿನತ್ತ ನಡೆದೆ.

ಬಿಸಿಲು ಸುಡುತ್ತಿತ್ತು. ಬಸ್ಸು ಹತ್ತುವವರೆಗೂ ನನ್ನ ಎಡಗೈ ತಣ್ಣಗೇ ಇತ್ತು.